ಹತ್ತಿದವರ ಲೆಕ್ಕ, ಇಳಿದವರ ಲೆಕ್ಕ

(ಬೆಟ್ಟ ಪ್ರವಾಸೋದ್ಯಮವಿರುವ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು, ಸದಸ್ಯರು, ಸಿಬ್ಬಂದಿ, ಹೋಂಸ್ಟೇ ಮಾಲೀಕರು ಹಾಗೂ ಜೀಪು ಚಾಲಕರಿಗಾಗಿ ಜಿಲ್ಲಾ ಪಂಚಾಯಿತಿ ಸಭಾಂಗಣದಲ್ಲಿ ಏರ್ಪಡಿಸಿದ್ದ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ. ಎಲ್ಲ ಗ್ರಾಮ ಪಂಚಾಯಿತಿಗಳ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಒಂದು ಭಾನುವಾರದ ಸಂಜೆ ಆರೂವರೆ ಗಂಟೆ. ಬೆಳಿಗ್ಗೆ ಬೆಟ್ಟದ ಬುಡದ ಬಯಲಿನಲ್ಲಿ ಸಾಲಾಗಿ ನಿಂತಿದ್ದ ವಾಹನಗಳೆಲ್ಲ ಹೊರಟುಹೋಗಿವೆ. ಒಂದು ಕಾರು ಮಾತ್ರ ಇನ್ನೂ ಅಲ್ಲಿಯೇ ಇದೆ. ಚಹಾದ ಅಂಗಡಿಯವನು ಬಾಗಿಲು ಎಳೆಯುವ ಮುನ್ನ ಅದರತ್ತ ಒಮ್ಮೆ ನೋಡುತ್ತಾನೆ. ಅದರಲ್ಲಿ ಬಂದವರು ಎಷ್ಟು ಮಂದಿ, ಎಲ್ಲಿಯವರು, ಯಾವ ದಾರಿ ಹಿಡಿದರು ಎಂಬುದು ಅವನಿಗೆ ತಿಳಿಯದು. ಅವರು ಇನ್ನೊಂದು ಬದಿಯಿಂದ ಇಳಿದು ಯಾವುದೋ ಹೋಂಸ್ಟೇ ಸೇರಿರಬಹುದು. ಮೇಲಿನ ಶೋಲಾ ಕಾಡಿನಲ್ಲಿ ಕಾಲು ಮುರಿದುಕೊಂಡು ಬಿದ್ದಿರಲೂಬಹುದು. ಕೇಳಲು ಯಾರ ಫೋನ್ ಸಂಖ್ಯೆಯೂ ಇಲ್ಲ. ಅಂಗಡಿಯವನು ಸ್ವಲ್ಪ ಹೊತ್ತು ನಿಂತು, ಬೀಗ ಹಾಕಿ ಮನೆಗೆ ಹೋಗುತ್ತಾನೆ.

ಬೆಟ್ಟದ ಪ್ರವಾಸದಲ್ಲಿ ಸುರಕ್ಷತೆ ಎಂದೊಡನೆ ಹಗ್ಗ, ಹೆಲ್ಮೆಟ್ಟು, ಹೆಲಿಕಾಪ್ಟರು ಕಣ್ಣಮುಂದೆ ಬರುತ್ತವೆ. ಅವೆಲ್ಲ ಅಗತ್ಯವೇ. ಆದರೆ ಬಹುಪಾಲು ಅವಘಡಗಳಲ್ಲಿ ಜೀವ ಉಳಿಯುವುದೋ ಹೋಗುವುದೋ ಎಂಬುದು ಆ ಒಂಟಿ ಕಾರಿನ ಮುಂದೆ ನಿರ್ಧಾರವಾಗುತ್ತದೆ. ಹತ್ತಿದವರು ಎಷ್ಟು, ಇಳಿದವರು ಎಷ್ಟು ಎಂಬ ಲೆಕ್ಕ ಕತ್ತಲಾಗುವ ಮುನ್ನ ಯಾರ ಬಳಿಯಾದರೂ ಇದೆಯೇ? ಇದ್ದರೆ ಹುಡುಕಾಟ ಅಂದೇ ಆರಂಭವಾಗುತ್ತದೆ. ಇಲ್ಲದಿದ್ದರೆ, ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ತಾಯಿಯೊಬ್ಬಳು ಮರುದಿನ ಗಾಬರಿಯಿಂದ ಠಾಣೆಗೆ ಕರೆ ಮಾಡುವವರೆಗೆ ಕಾಯಬೇಕಾಗುತ್ತದೆ. ಈ ಲೆಕ್ಕವನ್ನು ಇಡಬಲ್ಲ ಮೊದಲ ಸಂಸ್ಥೆ ಬೆಟ್ಟದ ಬುಡದ ಗ್ರಾಮ ಪಂಚಾಯಿತಿ. ಇಂದಿನ ಮಾತಿನ ತಿರುಳು ಇಷ್ಟೇ.

ಮೊದಲು ಹೋಗುವವರು ಊರಿನವರು

ಮುಳ್ಳಯ್ಯನಗಿರಿ 1,930 ಮೀಟರ್, ಕುದುರೆಮುಖ 1,894 ಮೀಟರ್, ತಡಿಯಂಡಮೋಳ್ 1,748 ಮೀಟರ್, ಕುಮಾರಪರ್ವತ 1,712 ಮೀಟರ್. ಹಿಮಾಲಯದ ಮುಂದೆ ಇವು ಸಣ್ಣ ಬೆಟ್ಟಗಳು. ಈ ಸಣ್ಣತನವೇ ಮೋಸ ಮಾಡುತ್ತದೆ. ಹಿಮಾಲಯಕ್ಕೆ ಹೋಗುವವನು ತಿಂಗಳುಗಟ್ಟಲೆ ಸಿದ್ಧತೆ ಮಾಡಿಕೊಳ್ಳುತ್ತಾನೆ. ಪಶ್ಚಿಮ ಘಟ್ಟಕ್ಕೆ ಬರುವವನು ಶುಕ್ರವಾರ ರಾತ್ರಿ ಬಸ್ಸು ಹತ್ತಿ, ನಿದ್ದೆಗೆಟ್ಟು, ಶನಿವಾರ ಬೆಳಿಗ್ಗೆ ಒಂದು ಬಾಟಲಿ ನೀರು ಹಿಡಿದು ನಡೆಯತೊಡಗುತ್ತಾನೆ.

ಅವಘಡವಾದಾಗ ಪೊಲೀಸ್, ಅರಣ್ಯ, ಅಗ್ನಿಶಾಮಕ ಇಲಾಖೆಗಳೂ ರಾಜ್ಯ ವಿಪತ್ತು ಸ್ಪಂದನಾ ಪಡೆಯೂ ಬರುತ್ತವೆ. ಆದರೆ ಅವರು ಪಟ್ಟಣದಿಂದ ಹೊರಟು, ಘಾಟಿ ರಸ್ತೆ ಏರಿ, ಅನಂತರ ಕಾಲ್ನಡಿಗೆಯಲ್ಲಿ ಸ್ಥಳ ಮುಟ್ಟಬೇಕು. ಅಷ್ಟರಲ್ಲಿ ಟಾರ್ಚು, ಕತ್ತಿ, ಕಂಬಳಿ ಹಿಡಿದು ಮೇಲೆ ಹೊರಟವರು ಊರಿನ ಹುಡುಗರೇ ಆಗಿರುತ್ತಾರೆ. ಮಳೆಯ ರಾತ್ರಿಯಲ್ಲಿ ಜಾರುವ ಬಂಡೆಯ ಮೇಲೆ ಅಪರಿಚಿತನೊಬ್ಬನನ್ನು ಹುಡುಕುವಾಗ ಅಪಾಯ ಆ ಅಪರಿಚಿತನಿಗೆ ಮಾತ್ರವಲ್ಲ. ಹುಡುಕುವವನಿಗೂ ಮನೆ ಇದೆ, ಮಕ್ಕಳಿದ್ದಾರೆ. ಆದ್ದರಿಂದ ಮುನ್ನೆಚ್ಚರಿಕೆ ಎಂಬುದು ಹೊರಗಿನಿಂದ ಬಂದ ಅತಿಥಿಗೆ ಮಾಡುವ ಉಪಕಾರವಷ್ಟೇ ಅಲ್ಲ. ಅದು ಊರಿನವರನ್ನು ಉಳಿಸುವ ಕೆಲಸವೂ ಹೌದು.

ಮೂರು ಘಟನೆಗಳು, ಒಂದು ಪಾಠ

2019ರ ಸೆಪ್ಟೆಂಬರಿನಲ್ಲಿ ಕುಮಾರಪರ್ವತದಿಂದ ಇಳಿಯುವಾಗ ಬೆಂಗಳೂರಿನ ಯುವಕನೊಬ್ಬ ತನ್ನ ತಂಡದಿಂದ ಬೇರ್ಪಟ್ಟು ದಾರಿ ತಪ್ಪಿದನು. ಅವನು ಕಾಡಿನೊಳಗೆ ಅಲೆಯುತ್ತಿರುವಾಗ ಹೊರಗೆ ಅವನಿಗಾಗಿ ಶೋಧ ನಡೆದಿತ್ತು. ಕೊನೆಗೆ ಅವನ ಕಣ್ಣಿಗೆ ನೀರಿನ ಪೈಪೊಂದು ಬಿತ್ತು. ಅದರ ಜಾಡು ಹಿಡಿದು ನಡೆದು ಊರು ಸೇರಿದನು. ಬೆಟ್ಟದ ಝರಿಯಿಂದ ಊರಿಗೆ ನೀರು ತರುವ ಪೈಪು ಎಲ್ಲಿ ಹಾದುಹೋಗುತ್ತದೆ ಎಂಬುದು ಊರಿನ ನೀರುಗಂಟಿಗೆ ಕಣ್ಣು ಮುಚ್ಚಿದರೂ ಗೊತ್ತು. ಹೊರಗಿನ ಯಾವ ರಕ್ಷಣಾ ತಂಡಕ್ಕೂ ಅದು ಗೊತ್ತಿರುವುದಿಲ್ಲ.

2022ರ ಫೆಬ್ರುವರಿಯಲ್ಲಿ ನಂದಿ ಬೆಟ್ಟದ ಬಳಿಯ ಬ್ರಹ್ಮಗಿರಿಯ ಬಂಡೆಯಿಂದ 19 ವರ್ಷದ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಕೆಳಗೆ ಜಾರಿ, ಬಂಡೆಯ ಚಾಚಿನ ಮೇಲೆ ಸಿಕ್ಕಿಕೊಂಡನು. ಕೆಳಗಿನಿಂದಲೂ ಮೇಲಿನಿಂದಲೂ ಅವನನ್ನು ಮುಟ್ಟಲು ಸಾಧ್ಯವಾಗಲಿಲ್ಲ. ಯಲಹಂಕದಿಂದ ಬಂದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಅವನನ್ನು ಅದೇ ದಿನ ಮೇಲೆತ್ತಿತು. ಅವನ ಕೈಯಲ್ಲಿ ಫೋನಿತ್ತು, ಫೋನಿಗೆ ಸಂಪರ್ಕವಿತ್ತು, ತಾನಿರುವ ಸ್ಥಳವನ್ನು ತಿಳಿಸಲು ಅವನಿಗೆ ಸಾಧ್ಯವಾಯಿತು. ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದರಿಂದ ಹೇಗೆ ಎಂಬ ಪ್ರಶ್ನೆಗೂ ಉತ್ತರ ಬೇಗ ದೊರೆಯಿತು.

ಮೂರನೆಯದು ಕರ್ನಾಟಕದಿಂದ ದೂರ ನಡೆದರೂ ಕರ್ನಾಟಕದ ಮನೆಗಳನ್ನೇ ನೋಯಿಸಿದ ಘಟನೆ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡ, 4 ಸಾವಿರ ಮೀಟರಿಗೂ ಮೇಲ್ಪಟ್ಟ ಎತ್ತರದಲ್ಲಿ ಹಿಂದಿರುಗುತ್ತಿರುವಾಗ ಹಿಮಗಾಳಿಗೆ ಸಿಕ್ಕಿತು. ಕರ್ನಾಟಕದ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಫೋನಿನ ಸಂಪರ್ಕವಿರಲಿಲ್ಲ. ಸುದ್ದಿ ಕೆಳಗಿನ ಆಡಳಿತವನ್ನು ಮುಟ್ಟಿದ್ದೇ ತಡವಾಗಿ. ಉಳಿದವರಲ್ಲಿ ಹೆಚ್ಚಿನವರನ್ನು ಹೆಲಿಕಾಪ್ಟರುಗಳು ಕೆಳಗೆ ತಂದವು. ಅವರು ಪ್ರಥಮ ಬಾರಿಗೆ ಬೆಟ್ಟ ಕಂಡವರಲ್ಲ. ತಂಡದಲ್ಲಿ ಹಲವರು ಅನುಭವಿಗಳು, ಜೊತೆಗೆ ಸ್ಥಳೀಯ ಮಾರ್ಗದರ್ಶಿಗಳೂ ಇದ್ದರು. ಅನುಭವವೊಂದೇ ಹವಾಮಾನವನ್ನು ತಡೆಯಲಾರದು ಎಂಬುದನ್ನು ಆ ದುರಂತ ತೋರಿಸಿತು.

ಮೂರು ಘಟನೆಗಳ ಎತ್ತರ ಬೇರೆ, ಕಾರಣ ಬೇರೆ, ಫಲ ಬೇರೆ. ಆದರೆ ಮೂರರಲ್ಲೂ ಬದುಕು ತೂಗಾಡಿದ್ದು ಒಂದೇ ಎಳೆಯ ಮೇಲೆ. ತೊಂದರೆಯಾಗಿದೆ ಎಂಬ ಸುದ್ದಿ, ಸ್ಥಳದ ಗುರುತಿನೊಡನೆ, ಕೆಳಗೆ ಇರುವವರನ್ನು ಎಷ್ಟು ಬೇಗ ಮುಟ್ಟಿತು ಎಂಬುದೇ ಆ ಎಳೆ.

ಗಂಟೆಯ ಲೆಕ್ಕ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಸರಳ ಸೂತ್ರವೊಂದನ್ನು ನೀಡಿದನು. ಇಂದಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಇದು ಗಟ್ಟಿ ಕಾಲಿನವರು ವಿಶ್ರಾಂತಿಯಿಲ್ಲದೆ ನಡೆದಾಗಿನ ಲೆಕ್ಕ.

ಕುಕ್ಕೆ ಸುಬ್ರಹ್ಮಣ್ಯದ ಬದಿಯಿಂದ ಕುಮಾರಪರ್ವತಕ್ಕೆ ಸುಮಾರು 13 ಕಿಲೋಮೀಟರ್ ದೂರ, ಸುಮಾರು 1,600 ಮೀಟರ್ ಏರಿಕೆ. ನಡಿಗೆಗೆ ಎರಡೂವರೆ ಗಂಟೆಗೂ ಹೆಚ್ಚು, ಏರಿಕೆಗೆ ಎರಡು ಗಂಟೆ ನಲವತ್ತು ನಿಮಿಷ; ಒಟ್ಟು ಐದು ಗಂಟೆಗೂ ಮೇಲೆ. ಅಭ್ಯಾಸವಿಲ್ಲದ, ಫೋಟೋಗಾಗಿ ನಿಲ್ಲುವ, ಹತ್ತಾರು ಜನರ ತಂಡಕ್ಕೆ ಇದರ ಒಂದೂವರೆ ಪಟ್ಟು ಹಿಡಿಯಬೇಕು. ಎಂದರೆ ಎಂಟು ಗಂಟೆ. ಬೆಳಿಗ್ಗೆ ಎಂಟಕ್ಕೆ ಹೊರಟ ಅಂಥ ತಂಡ ತುದಿ ಮುಟ್ಟುವಾಗ ಸಂಜೆ ನಾಲ್ಕು. ಇಳಿಯಲು ಇನ್ನು ಐದು ಗಂಟೆ. ಜನವರಿಯಲ್ಲಿ ಆರು ಗಂಟೆ ಕಳೆಯುತ್ತಲೇ ಸೂರ್ಯ ಮುಳುಗುತ್ತಾನೆ. ಉಳಿದ ಮೂರು ಗಂಟೆ ಕಾಡಿನ ಕತ್ತಲೆಯಲ್ಲಿ, ದಣಿದ ಮೊಣಕಾಲುಗಳ ಮೇಲೆ, ಫೋನಿನ ಬೆಳಕಿನಲ್ಲಿ ಇಳಿಯಬೇಕು.

ಆದ್ದರಿಂದ ಪ್ರತಿಯೊಂದು ಬೆಟ್ಟಕ್ಕೂ ಒಂದು 'ಮರಳುವ ಗಂಟೆ' ಗೊತ್ತಾಗಬೇಕು. ಸೂರ್ಯಾಸ್ತದ ಸಮಯದಿಂದ ಇಳಿಯುವ ಅವಧಿಯನ್ನು ಕಳೆದು, ಇನ್ನೊಂದು ಗಂಟೆಯನ್ನು ಮೀಸಲಾಗಿ ಬಿಟ್ಟರೆ ಅದು ದೊರೆಯುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು ಮಧ್ಯಾಹ್ನ ಹನ್ನೆರಡು ಗಂಟೆ. ಆ ಗಂಟೆಯಾದಾಗ ತುದಿ ಇನ್ನು ಇನ್ನೂರು ಮೀಟರ್ ದೂರದಲ್ಲಿ ಕಾಣುತ್ತಿದ್ದರೂ ಹಿಂದಿರುಗತಕ್ಕದ್ದು. ಬೆಟ್ಟ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಈ ಗಂಟೆಯನ್ನು ದಾರಿಯ ಬಾಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ನಿಲ್ಲಿಸಲು ಒಂದು ಹಲಗೆ, ಒಂದಿಷ್ಟು ಬಣ್ಣ ಸಾಕು.

ಆಕಾಶದ ಲೆಕ್ಕ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪನ ಯಂತ್ರಗಳನ್ನು ಸ್ಥಾಪಿಸಿದೆ. ದೇಶದ ಬೇರೆಡೆ ಅಪರೂಪವಾದ ಈ ಅನುಕೂಲ ಅನೇಕ ಕಡೆ ಕೃಷಿ ಮತ್ತು ಬೆಳೆ ವಿಮೆಯ ಮಾತಿಗಷ್ಟೇ ಬಳಕೆಯಾಗುತ್ತಿದೆ. ಪ್ರವಾಸಿಗರ ಸುರಕ್ಷತೆಗೂ ಅದು ಅಷ್ಟೇ ಉಪಯುಕ್ತ. ಹವಾಮಾನ ಇಲಾಖೆಯ ಅಳತೆಯಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ ಮಳೆ. ಹಳದಿ, ಕಿತ್ತಳೆ, ಕೆಂಪು ಎಂಬ ಎಚ್ಚರಿಕೆಯ ಬಣ್ಣಗಳು ಪತ್ರಿಕೆಯಲ್ಲಿ ಓದಿ ಮಡಚಿಡುವುದಕ್ಕಲ್ಲ. ಕಿತ್ತಳೆಯ ದಿನ ಹಳ್ಳ ದಾಟುವ ದಾರಿಗಳನ್ನು ಮುಚ್ಚುವುದು, ಕೆಂಪಿನ ದಿನ ಬೆಟ್ಟವನ್ನೇ ಮುಚ್ಚುವುದು ಎಂಬಂಥ ನಿಯಮವನ್ನು ಪಂಚಾಯಿತಿಯು ಅರಣ್ಯ ಮತ್ತು ಪೊಲೀಸ್ ಇಲಾಖೆಗಳೊಡನೆ ಕುಳಿತು ಮಳೆಗಾಲಕ್ಕೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮಳೆ ಸುರಿಯತೊಡಗಿದ ಮೇಲೆ ನಡೆಯುವ ಚರ್ಚೆ ತೀರ್ಮಾನಕ್ಕೆ ಬರುವುದಿಲ್ಲ.

ಹಳ್ಳದ ವಿಚಾರದಲ್ಲಿ ಹೊರಗಿನವರಿಗೆ ತಿಳಿಯದ ಸಂಗತಿಯೊಂದಿದೆ. ಜಲಪಾತದ ಬುಡದಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆಯಾಗುತ್ತಿರಬಹುದು. ತಿಳಿನೀರು ಒಮ್ಮೆಲೇ ಕೆಂಪಾದರೆ, ತರಗೆಲೆ ಕಡ್ಡಿಗಳು ತೇಲಿಬಂದರೆ, ನೀರಿನ ಸದ್ದು ಬದಲಾದರೆ, ಆ ಕ್ಷಣವೇ ಮೇಲಕ್ಕೆ ಸರಿಯಬೇಕು. 2024ರ ಜೂನ್ 30ರಂದು ಮಹಾರಾಷ್ಟ್ರದ ಲೋನಾವಳದ ಭೂಶಿ ಅಣೆಕಟ್ಟೆಯ ಹಿಂಬದಿಯ ಜಲಪಾತದಲ್ಲಿ ಒಂದೇ ಕುಟುಂಬದವರು ಬಂಡೆಯೊಂದರ ಮೇಲೆ ಪರಸ್ಪರ ಹಿಡಿದುಕೊಂಡು ನಿಂತಿದ್ದಂತೆಯೇ ನೀರು ಅವರನ್ನು ಕೊಚ್ಚಿಕೊಂಡು ಹೋಯಿತು. ದಡದಲ್ಲಿ ಜನರಿದ್ದರು, ಯಾರಿಗೂ ಏನೂ ಮಾಡಲಾಗಲಿಲ್ಲ. 2023ರ ಜುಲೈನಲ್ಲಿ ಉಡುಪಿ ಜಿಲ್ಲೆಯ ಕೊಲ್ಲೂರು ಸಮೀಪದ ಅರಶಿನಗುಂಡಿ ಜಲಪಾತದಲ್ಲಿ, ಸ್ನೇಹಿತ ವಿಡಿಯೊ ತೆಗೆಯುತ್ತಿರುವಾಗಲೇ ಯುವಕನೊಬ್ಬ ಪಾಚಿಗಟ್ಟಿದ ಬಂಡೆಯಿಂದ ಜಾರಿಬಿದ್ದನು. ಶವ ದೊರೆಯಲು ಒಂದು ವಾರದ ಶೋಧ ಬೇಕಾಯಿತು.

ಸಿಡಿಲಿನ ಕಾಲ ಮುಖ್ಯವಾಗಿ ಮಾರ್ಚ್‌ನಿಂದ ಮೇವರೆಗೆ, ಬಹುಮಟ್ಟಿಗೆ ಮಧ್ಯಾಹ್ನದ ಅನಂತರ. ಮಿಂಚು ಕಂಡ ಮೇಲೆ ಗುಡುಗು ಕೇಳಲು 30 ಸೆಕೆಂಡಿಗಿಂತ ಕಡಿಮೆ ಹಿಡಿದರೆ ಸಿಡಿಲು 10 ಕಿಲೋಮೀಟರಿನ ಒಳಗಿದೆ ಎಂದರ್ಥ. ಬೋಳು ನೆತ್ತಿ, ಒಂಟಿ ಮರ, ಧ್ವಜಗಂಬ, ಕಬ್ಬಿಣದ ಬೇಲಿ ಇವುಗಳಿಂದ ದೂರವಾಗಿ ತಗ್ಗಿಗೆ ಇಳಿಯಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ನೆತ್ತಿಗೆ ಮರಳಬಾರದು. ಸಿಡಿಲಿನ ಮುನ್ಸೂಚನೆ ನೀಡುವ 'ದಾಮಿನಿ' ಆ್ಯಪ್ ಪ್ರತಿಯೊಬ್ಬ ಮಾರ್ಗದರ್ಶಿಯ ಫೋನಿನಲ್ಲಿಯೂ ಇರುವುದು ಒಳಿತು.

ಚಳಿಯನ್ನು ಪಶ್ಚಿಮ ಘಟ್ಟದಲ್ಲಿ ಯಾರೂ ಗಂಭೀರವಾಗಿ ಪರಿಗಣಿಸುವುದಿಲ್ಲ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಅದಕ್ಕೆ ಒದ್ದೆ ಬಟ್ಟೆಯೂ ನೆತ್ತಿಯ ಗಾಳಿಯೂ ಸೇರಿದರೆ, ಹಿಮವಿಲ್ಲದ ಬೆಟ್ಟದಲ್ಲಿಯೂ ದೇಹದ ಶಾಖ ಅಪಾಯದ ಮಟ್ಟಕ್ಕೆ ಕುಸಿಯಬಲ್ಲದು. ತಡೆಯಲಾಗದ ನಡುಕ, ತೊದಲು ಮಾತು, ಎಡವುವ ನಡಿಗೆ ಇದರ ಗುರುತುಗಳು. ಇಂಥವನು 'ನನ್ನನ್ನು ಇಲ್ಲೇ ಬಿಟ್ಟು ಹೋಗಿ, ಸ್ವಲ್ಪ ಮಲಗುತ್ತೇನೆ' ಎನ್ನುತ್ತಾನೆ. ಬಿಟ್ಟು ಹೋಗಬಾರದು. ಒದ್ದೆ ಬಟ್ಟೆ ಕಳಚಿ, ಒಣ ಬಟ್ಟೆ ಉಡಿಸಿ, ಕಂಬಳಿ ಹೊದಿಸಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಬೇಕು. ಮದ್ಯವನ್ನು ಎಂದಿಗೂ ಕೊಡಬಾರದು. ಅದು ದೇಹದ ಶಾಖವನ್ನು ಇನ್ನಷ್ಟು ಹೊರಚೆಲ್ಲುತ್ತದೆ.

ಕಾಡಿನ ಲೆಕ್ಕ

ಹಾವಿನ ಕಡಿತಕ್ಕೆ ದೊರೆಯುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳ ವಿಷಕ್ಕಾಗಿ ತಯಾರಿಸಲಾಗುತ್ತದೆ. ಘಟ್ಟದ ಮಳೆಕಾಡಿನಲ್ಲಿರುವ ಗುಳಿಮಂಡಲ ಜಾತಿಯ ಹಾವುಗಳು ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಕಡಿಸಿಕೊಳ್ಳದಿರುವುದೇ ಉತ್ತಮ ಚಿಕಿತ್ಸೆ: ಪಾದ ಮುಚ್ಚುವ ಬೂಟು, ಕೈಯಲ್ಲಿ ಕೋಲು, ನೋಡದೆ ಬಂಡೆಯ ಸಂದಿಗೂ ಬಳ್ಳಿಗೂ ಕೈ ಹಾಕದಿರುವ ಎಚ್ಚರ. ಕಡಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಸಲ್ಲದು. ಕಡಿದ ಅಂಗವನ್ನು ಅಲುಗಾಡಿಸದೆ, ಸಾಧ್ಯವಾದಷ್ಟು ಹೊತ್ತುಕೊಂಡೇ ಇಳಿಸಿ, ಆಸ್ಪತ್ರೆಗೆ ಸಾಗಿಸಬೇಕು.

ಮಲೆನಾಡಿನ ಬಹಳಷ್ಟು ಕಡೆ ಮಂಗನ ಕಾಯಿಲೆಯ ಭಯವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರವನ್ನು ಉಣುಗುಗಳು ಹರಡುತ್ತವೆ. ಚಾರಣಿಗರು ಬರುವ ಮಳೆಯಿಲ್ಲದ ತಿಂಗಳುಗಳೇ ಅದರ ಕಾಲವೂ ಹೌದು. ಆರೋಗ್ಯ ಇಲಾಖೆ ನೀಡುವ ಡೆಪಾ ತೈಲವನ್ನು ಮಾರ್ಗದರ್ಶಿಗಳಿಗೂ ಪ್ರವಾಸಿಗರಿಗೂ ತಲುಪಿಸುವಲ್ಲಿ ಆಶಾ ಕಾರ್ಯಕರ್ತೆಯರ ನೆರವು ಪಡೆಯಬಹುದು. ಕಾಡಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು.

ಬೆಟ್ಟ ತಲುಪುವ ರಸ್ತೆಯೂ ಬೆಟ್ಟದಷ್ಟೇ ಅಪಾಯಕಾರಿ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿ ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಏರಲು ಹಾಕುವ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಜೀಪು ಚಾಲಕರ ಮಾತು ಯಂತ್ರಶಾಸ್ತ್ರಕ್ಕೂ ಒಪ್ಪುವ ಮಾತು. ಕಿರಿದಾದ ಘಾಟಿಯಲ್ಲಿ ಏರುವ ವಾಹನಕ್ಕೆ ಮೊದಲ ಹಕ್ಕು. ಇದು ಸೌಜನ್ಯವಷ್ಟೇ ಅಲ್ಲ, ಚಾಲನಾ ನಿಯಮವೂ ಹೌದು.

'ಇಂದು ಬೇಡ' ಎನ್ನುವ ಮಾತಿನ ಬೆಲೆ

ಇಲ್ಲಿಯವರೆಗೆ ಹೇಳಿದ ಯಾವುದೂ ಸಭೆಯಲ್ಲಿರುವ ಹಿರಿಯರಿಗೆ ಹೊಸದಲ್ಲ. ಮಳೆ ಬರುವ ವಾಸನೆ ಅವರಿಗೆ ಯಂತ್ರಕ್ಕಿಂತ ಮೊದಲು ತಿಳಿಯುತ್ತದೆ. ತಿಳಿದೂ ಹೇಳಲಾಗದಿರುವುದೇ ಕಷ್ಟ.

ಹೋಂಸ್ಟೇ ನಡೆಸುವ ಮನೆಯೊಂದನ್ನು ನೆನೆಯಬಹುದು. ಅಡಿಕೆಗೆ ರೋಗ, ಕಾಫಿಗೆ ಮಳೆಯ ಪೆಟ್ಟು. ಮಗಳ ಕಾಲೇಜಿನ ಶುಲ್ಕ ಬರುವುದು ವಾರಾಂತ್ಯದ ಅತಿಥಿಗಳಿಂದ. ಹನ್ನೆರಡು ಮಂದಿ ಮುಂಗಡ ಕೊಟ್ಟು ಬಂದಿದ್ದಾರೆ. ಬೆಳಿಗ್ಗೆ ಬೆಟ್ಟದ ನೆತ್ತಿ ಕಾಣದಷ್ಟು ಕಾರ್ಮೋಡ. 'ಇಂದು ಬೇಡ' ಎಂದರೆ ಅವರು ಮುಂಗಡ ವಾಪಸು ಕೇಳುತ್ತಾರೆ, ಇಂಟರ್‌ನೆಟ್ಟಿನಲ್ಲಿ ಕೆಟ್ಟ ಮಾತು ಬರೆಯುತ್ತಾರೆ, ಪಕ್ಕದ ಮನೆಯವರು 'ನಾವು ಕಳಿಸುತ್ತೇವೆ ಬನ್ನಿ' ಎನ್ನುತ್ತಾರೆ. ಒಬ್ಬರೇ ಪ್ರಾಮಾಣಿಕರಾಗಿ ಉಳಿದರೆ ನಷ್ಟ ಅವರೊಬ್ಬರದೇ. ಹೀಗಾಗಿ ತಿಳಿದವರೂ ಸುಮ್ಮನಾಗುತ್ತಾರೆ.

ಈ ಭಾರವನ್ನು ಒಂದು ಮನೆಯ ಹೆಗಲ ಮೇಲೆ ಬಿಡುವುದು ನ್ಯಾಯವಲ್ಲ. 'ಇಂದು ಬೇಡ' ಎಂಬ ಮಾತನ್ನು ಊರು ಒಟ್ಟಾಗಿ ಹೇಳಬೇಕು. ಗ್ರಾಮ ಪಂಚಾಯಿತಿಯ ನಿರ್ಣಯವಾಗಿ ಅದು ಬಂದರೆ ಮಾಲೀಕನು ಅತಿಥಿಗೆ 'ಪಂಚಾಯಿತಿಯಿಂದ ಮುಚ್ಚಿದ್ದಾರೆ' ಎಂದು ಹೇಳಬಲ್ಲನು. ಎಚ್ಚರಿಕೆಯ ದಿನ ಮುಂಗಡವನ್ನು ಮುಟ್ಟುಗೋಲು ಹಾಕಿಕೊಳ್ಳದೆ ಇನ್ನೊಂದು ದಿನಾಂಕಕ್ಕೆ ವರ್ಗಾಯಿಸುವ ನಿಯಮವನ್ನು ಎಲ್ಲ ಹೋಂಸ್ಟೇಗಳೂ ಒಂದಾಗಿ ಒಪ್ಪಿಕೊಂಡರೆ ಪ್ರವಾಸಿಗನಿಗೂ ಹಟ ಮಾಡುವ ಕಾರಣವಿರುವುದಿಲ್ಲ. ಬೆಟ್ಟಕ್ಕೆ ಬದಲಾಗಿ ಕಾಫಿ ತೋಟ, ಆಲೆಮನೆ, ಊರಿನ ಹಳೆಯ ದೇಗುಲ, ಜೇನು ಸಾಕಣೆ ತೋರಿಸುವ ವ್ಯವಸ್ಥೆಯಿದ್ದರೆ ಆ ದಿನದ ಆದಾಯವೂ ಪೂರ್ತಿ ಕೈತಪ್ಪದು.

2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಜನಸಾಗರವೇ ಸೇರಿದ ದೃಶ್ಯಗಳನ್ನು ನಾಡೆಲ್ಲ ನೋಡಿತು. ಅದರ ಬೆನ್ನಲ್ಲೇ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸಿ, ಪ್ರತಿ ದಾರಿಗೂ ದಿನದ ಮಿತಿಯನ್ನು ಗೊತ್ತುಪಡಿಸಿತು. ಆ ದಾರಿಗಳಲ್ಲಿ ಹತ್ತಿದವರ ಪಟ್ಟಿ ಇಲಾಖೆಯ ಬಳಿ ಇರುತ್ತದೆ. ಆದರೆ ಮಿತಿಗೆ ಒಳಪಡದ ಗುಡ್ಡಗಳು, ಕಂದಾಯ ಭೂಮಿಯ ಬಂಡೆಗಳು, ತೋಟದ ಹಿಂದಿನ ಜಲಪಾತಗಳು ಪ್ರತಿ ಊರಿನಲ್ಲಿಯೂ ಇವೆ. ಟಿಕೆಟು ಸಿಗದವರು ಬರುವುದು ಅಲ್ಲಿಗೇ. ಅಲ್ಲಿ ಪಟ್ಟಿಯಿಲ್ಲ, ಗೇಟಿಲ್ಲ, ಸಂಜೆ ಎಣಿಸುವವರಿಲ್ಲ. ಪಂಚಾಯಿತಿಯ ಕೆಲಸ ಆರಂಭವಾಗಬೇಕಾದದ್ದು ಆ ಜಾಗದಲ್ಲಿ.

ಮಾಡಬಹುದಾದ ಎಂಟು ಕೆಲಸಗಳು

ಈ ಕೆಳಗಿನವು ದೊಡ್ಡ ಅನುದಾನ ಬೇಡುವ ಕೆಲಸಗಳಲ್ಲ. ಸಾಮಾನ್ಯ ಸಭೆಯ ಒಂದು ನಿರ್ಣಯ, ಸ್ವಂತ ಸಂಪನ್ಮೂಲದ ಅಲ್ಪ ಮೊತ್ತ, ಇರುವ ಸಿಬ್ಬಂದಿಯ ಸಹಕಾರ ಸಾಕು.

1. ಬೆಟ್ಟದ ದಾರಿಯ ಬಾಯಲ್ಲಿ ಒಂದು ವಹಿ ಇಡುವುದು. ತಂಡದ ಒಬ್ಬರ ಹೆಸರು, ಫೋನ್ ಸಂಖ್ಯೆ, ಮನೆಯವರೊಬ್ಬರ ಸಂಖ್ಯೆ, ಜನರ ಸಂಖ್ಯೆ, ವಾಹನದ ಸಂಖ್ಯೆ, ಹೊರಟ ಗಂಟೆ, ಹಿಡಿದ ದಾರಿ, ಮರಳುವುದಾಗಿ ಹೇಳಿದ ಗಂಟೆ. ಇಳಿದ ಮೇಲೆ ಅದೇ ಸಾಲಿನಲ್ಲಿ ಗುರುತು. ವಾಹನ ನಿಲುಗಡೆ ಶುಲ್ಕ ವಸೂಲಿಯಿರುವ ಕಡೆ ಚೀಟಿ ಕೊಡುವವರೇ ಇದನ್ನು ಬರೆಯಬಹುದು. ಸಂಗ್ರಹಿಸಿದ ಸಂಖ್ಯೆಗಳನ್ನು ಬೇರೆ ಯಾವ ಉದ್ದೇಶಕ್ಕೂ ಬಳಸಬಾರದು.

2. ಸಂಜೆಯ ಎಣಿಕೆಗೆ ಒಬ್ಬರನ್ನು ಹೆಸರು ಹಿಡಿದು ನೇಮಿಸುವುದು. ಎಲ್ಲರ ಕೆಲಸ ಎಂದರೆ ಯಾರ ಕೆಲಸವೂ ಅಲ್ಲ. ಸಂಜೀವಿನಿ ಸ್ವಸಹಾಯ ಸಂಘದ ಸದಸ್ಯೆಯರಿಗೆ ಗೌರವಧನದೊಂದಿಗೆ ಇದನ್ನು ವಹಿಸಬಹುದು.

3. ಯಾವ ಗಂಟೆಗೆ ಯಾರಿಗೆ ಕರೆ ಎಂಬುದನ್ನು ಬರೆದಿಡುವುದು. ಹೇಳಿದ ಸಮಯ ಮೀರಿ ಒಂದು ಗಂಟೆಯಾದರೆ ತಂಡಕ್ಕೆ ಕರೆ, ಉತ್ತರವಿಲ್ಲದಿದ್ದರೆ 112ಕ್ಕೆ ಕರೆ, ಅರಣ್ಯ ಸಿಬ್ಬಂದಿಗೆ ಸುದ್ದಿ, ಗಾಯವಾಗಿದ್ದರೆ 108. 'ಇನ್ನು ಸ್ವಲ್ಪ ನೋಡೋಣ' ಎಂಬುದಕ್ಕೆ ಎಡೆಯಿರಬಾರದು.

4. ದಾರಿಗೆ ಗುರುತು ಹಾಕುವುದು. ಪ್ರತಿ ಅರ್ಧ ಕಿಲೋಮೀಟರಿಗೆ ಬಂಡೆಯ ಮೇಲೆ ಅಥವಾ ಕಲ್ಲುಕಂಬದ ಮೇಲೆ ಸಂಖ್ಯೆ. ಅರಣ್ಯ ಪ್ರದೇಶದಲ್ಲಿ ಇಲಾಖೆಯ ಅನುಮತಿ ಪಡೆದೇ ಇದನ್ನು ಮಾಡತಕ್ಕದ್ದು. ದಾರಿ ತಪ್ಪಿದವನು '7ರ ಕಲ್ಲು ದಾಟಿದೆ' ಎಂದು ಹೇಳಬಲ್ಲನಾದರೆ ಅರ್ಧ ರಾತ್ರಿಯ ಹುಡುಕಾಟ ಉಳಿಯುತ್ತದೆ. ಫೋನಿನ ಸಂಪರ್ಕ ಸಿಗುವ ಜಾಗಗಳಿಗೂ ಗುರುತು ಬೇಕು.

5. ಮರಳುವ ಗಂಟೆ, ಆ ದಿನದ ಎಚ್ಚರಿಕೆಯ ಬಣ್ಣ, ತುರ್ತು ಸಂಖ್ಯೆಗಳು ಇರುವ ಫಲಕ. ಕನ್ನಡದಲ್ಲಿ ಮೊದಲು, ಅನಂತರ ಇಂಗ್ಲಿಷ್, ಹಿಂದಿ ಹಾಗೂ ಪ್ರವಾಸಿಗರು ಹೆಚ್ಚಾಗಿ ಬರುವ ನೆರೆರಾಜ್ಯದ ಭಾಷೆಯಲ್ಲಿ.

6. ಊರಿನ ತಿಳಿವಳಿಕೆಯ ನಕ್ಷೆ. ನೀರುಗಂಟಿ, ದನ ಮೇಯಿಸುವವರು, ಜೇನು ಮತ್ತು ಸೀಗೆ ಸಂಗ್ರಹಿಸುವವರು, ಹಳೆಯ ಬೇಟೆದಾರಿ ಬಲ್ಲ ಹಿರಿಯರು ಇವರನ್ನು ಕೂರಿಸಿ, ಹಳ್ಳಗಳು, ಪೈಪುಗಳು, ಕವಲುದಾರಿಗಳು, ಜನ ಸಾಮಾನ್ಯವಾಗಿ ದಾರಿ ತಪ್ಪುವ ಜಾಗಗಳನ್ನು ಹಾಳೆಯ ಮೇಲೆ ಬರೆಸುವುದು. ಪ್ರತಿಯೊಂದು ಪ್ರತಿ ಪೊಲೀಸ್ ಠಾಣೆಯಲ್ಲಿ, ಅರಣ್ಯ ಕಚೇರಿಯಲ್ಲಿ, ಅರಿವು ಕೇಂದ್ರದಲ್ಲಿ ಇರಬೇಕು.

7. ರಕ್ಷಣೆಗೆ ಹೋಗುವ ಯುವಕರಿಗೆ ತರಬೇತಿ ಮತ್ತು ಸಲಕರಣೆ. ಮಡಚುವ ಸ್ಟ್ರೆಚರು, ಹಗ್ಗ, ತಲೆಗೆ ಕಟ್ಟುವ ದೀಪ, ಕಂಬಳಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಒಬ್ಬನೇ ಹೋಗಬಾರದು, ಹೋದವರ ಹೆಸರೂ ಅದೇ ವಹಿಯಲ್ಲಿ ಬರೆಯಬೇಕು. ಅವರಿಗೆ ಅಪಘಾತ ವಿಮೆ ಮಾಡಿಸುವುದು ಪಂಚಾಯಿತಿಯ ನೈತಿಕ ಹೊಣೆ.

8. ವರ್ಷಕ್ಕೆರಡು ಬಾರಿ, ಮಳೆಗಾಲಕ್ಕೆ ಮೊದಲು ಹಾಗೂ ಡಿಸೆಂಬರ್ ರಜೆಗೆ ಮೊದಲು, ಅಣಕು ಕಾರ್ಯಾಚರಣೆ. ಒಬ್ಬರನ್ನು ಮೇಲೆ ಕೂರಿಸಿ, ಸುದ್ದಿ ಎಷ್ಟು ನಿಮಿಷದಲ್ಲಿ ಯಾರನ್ನು ಮುಟ್ಟಿತು ಎಂದು ಬರೆದಿಟ್ಟುಕೊಳ್ಳುವುದು.

ಮುಗಿಸುವ ಮುನ್ನ

ಈ ಕಾರ್ಯಾಗಾರದ ಸಿದ್ಧತೆಯಲ್ಲಿ ಕೇಳಿಬಂದ ಆಕ್ಷೇಪವೊಂದಕ್ಕೆ ಉತ್ತರಿಸುವುದು ಉಚಿತ. 'ಬೆಟ್ಟ ಅರಣ್ಯ ಇಲಾಖೆಯದು, ಪ್ರವಾಸಿಗ ಪಟ್ಟಣದವನು, ಪಂಚಾಯಿತಿಗೆ ಏಕೆ ಈ ತಲೆನೋವು?' ಕಾನೂನಿನ ಗಡಿ ಹಾಗೆಯೇ ಇರಬಹುದು. ಆದರೆ ಮಲೆನಾಡಿನ ಮನೆಗಳಲ್ಲಿ ಹಳೆಯದೊಂದು ನಡೆಯಿತ್ತು. ಸೊಪ್ಪಿಗೋ ದನ ಹುಡುಕಲೋ ಕಾಡಿಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಮರಳದಿದ್ದರೆ ಮನೆಯವರು ಅಂಗಳದ ತುದಿಗೆ ಬಂದು ಕೂಗು ಹಾಕುತ್ತಿದ್ದರು. ಆ ಕೂಗು ಕೇಳಿದ ಪಕ್ಕದ ಮನೆಯವರೂ ಹೊರಗೆ ಬರುತ್ತಿದ್ದರು. ಅಲ್ಲಿ ಯಾರೂ ಕಾಡು ಯಾರದೆಂದು ಕೇಳುತ್ತಿರಲಿಲ್ಲ.

ಇಂದು ಕಾಡಿಗೆ ಹೋಗುವವರು ಬೇರೆಯವರು. ಅವರಿಗಾಗಿ ಅಂಗಳದ ತುದಿಗೆ ಬಂದು ಕೂಗಲು ಅಲ್ಲಿ ಮನೆಯವರಿಲ್ಲ. ಒಂದು ವಹಿ, ಒಂದು ಪೆನ್ನು, ಸಂಜೆ ಆರಕ್ಕೆ ಅದನ್ನು ತೆರೆದು ನೋಡುವ ಒಬ್ಬ ವ್ಯಕ್ತಿ ಇದ್ದರೆ ಆ ಕೂಗು ಮತ್ತೆ ಕೇಳಿಸುತ್ತದೆ. ಬಯಲಿನಲ್ಲಿ ಉಳಿದ ಕಾರು ಆಗ ಅನಾಥವಾಗಿರುವುದಿಲ್ಲ. ಅದರಲ್ಲಿ ಬಂದವರು ನಾಲ್ವರು, ಇಳಿದವರು ಮೂವರು, ಇನ್ನೊಬ್ಬರು 7ರ ಕಲ್ಲಿನಿಂದೀಚೆಗೆ ಎಲ್ಲೋ ಇದ್ದಾರೆ ಎಂಬುದು ತಿಳಿದಿರುತ್ತದೆ. ಅಷ್ಟು ತಿಳಿದರೆ ಊರಿನವರು ಹೊರಡುತ್ತಾರೆ. ಎಲ್ಲಿಗೆ ಹೋಗಬೇಕೆಂಬುದು ಗೊತ್ತಿದ್ದು ಹೊರಡುತ್ತಾರೆ, ಸುರಕ್ಷಿತವಾಗಿ ಮರಳುತ್ತಾರೆ.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಒಂದು ಸಾಲು ಮೀಸಲಿಡಬೇಕೆಂದು ಎಲ್ಲ ಗ್ರಾಮ ಪಂಚಾಯಿತಿಗಳನ್ನು ಕೋರಲಾಗಿದೆ.